ನೆಲಕ್ಕೂ ನೆನಪುಂಟು

ಮಳೆ ಮುಗಿಲಿನಿಂದ ಬರುತ್ತದೆ. ಮುಗಿಲಿಗೆ ನೀರು ಎಲ್ಲಿಂದ ಬರುತ್ತದೆ? ಸಮುದ್ರದಿಂದ ಎನ್ನುತ್ತದೆ ಪಾಠಪುಸ್ತಕ. ಅದರಲ್ಲಿ ನೆಲಕ್ಕೂ ದೊಡ್ಡ ಪಾಲುಂಟು ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಒಬ್ಬರು, ಆಲದ ಮರದ ಕೆಳಗೆ ಅಕ್ಷರ ಕಲಿತ ವಿಜ್ಞಾನಿ ಜಗದೀಶ್ ಶುಕ್ಲಾ.

ಉತ್ತರ ಪ್ರದೇಶದ ಪೂರ್ವದ ತುದಿಯಲ್ಲಿದೆ ಬಲಿಯಾ ಜಿಲ್ಲೆ. ದಕ್ಷಿಣಕ್ಕೆ ಗಂಗೆ, ಉತ್ತರಕ್ಕೆ ಘಾಘ್ರಾ. ಎರಡು ನದಿಗಳ ನಡುವಿನ ಆ ಬಯಲಿನಲ್ಲಿ ಮಿರ್ಧಾ ಎಂಬುದೊಂದು ಹಳ್ಳಿ. 1944ರಲ್ಲಿ ಜಗದೀಶ್ ಶುಕ್ಲಾ ಅಲ್ಲಿ ಹುಟ್ಟಿದಾಗ ಊರಿಗೆ ವಿದ್ಯುತ್ತಿರಲಿಲ್ಲ, ರಸ್ತೆಯಿರಲಿಲ್ಲ. ಪ್ರಾಥಮಿಕ ಶಾಲೆಯೇನೋ ಇತ್ತು, ಅದಕ್ಕೆ ಕಟ್ಟಡ ಮಾತ್ರ ಇರಲಿಲ್ಲ. ದೊಡ್ಡದೊಂದು ಆಲದ ಮರದ ನೆರಳೇ ತರಗತಿ.

ಪ್ರೌಢಶಾಲೆಗೆ ಬಂದಾಗ ಇನ್ನೊಂದು ತೊಡಕು. ಸುತ್ತಮುತ್ತಲಿನ ಯಾವ ಶಾಲೆಯಲ್ಲೂ ವಿಜ್ಞಾನ ಕಲಿಸುತ್ತಿರಲಿಲ್ಲ. ಹುಡುಗ ಗಣಿತ ಮತ್ತು ಸಂಸ್ಕೃತದಲ್ಲಿ ಉನ್ನತ ಅಂಕ ಪಡೆದು ತೇರ್ಗಡೆಯಾದ. ಆದರೆ ವಿಜ್ಞಾನವನ್ನೇ ಓದದವನಿಗೆ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಬಾಗಿಲು ತೆರೆಯುವುದು ಹೇಗೆ? ಆಗ ತಂದೆ ಮಗನ ಮುಂದೆ ಒಂದು ಷರತ್ತು ಇಟ್ಟರು: ಬೇಸಿಗೆ ರಜೆ ಮುಗಿಯುವುದರೊಳಗೆ ಆರನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನದ ಪುಸ್ತಕಗಳನ್ನೆಲ್ಲ ಓದಿ ಮುಗಿಸಬೇಕು. ಐದು ವರ್ಷಗಳ ಪಾಠ ಒಂದು ಬೇಸಿಗೆಯಲ್ಲಿ! ಓದಿದ ಮೇಲೆಯೇ ಬಲಿಯಾದ ಕಾಲೇಜಿಗೆ ಸೇರ್ಪಡೆ.

ಅಲ್ಲಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಅಲ್ಲಿ 1964ರಲ್ಲಿ ಭೂಭೌತ ವಿಜ್ಞಾನದಲ್ಲಿ ಎಂ.ಎಸ್ಸಿ., 1971ರಲ್ಲಿ ಪಿಎಚ್.ಡಿ. ನಡುವೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಕೆಲಸ. ಮುಂದೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ. ಅಲ್ಲಿ ಜೂಲ್ ಚಾರ್ನಿ ಎಂಬ ಮೇಧಾವಿಯ ಮಾರ್ಗದರ್ಶನದಲ್ಲಿ 1976ರಲ್ಲಿ ಮತ್ತೊಂದು ಡಾಕ್ಟರೇಟ್.

ಮಳೆಯನ್ನು ನಂಬಿ ಬದುಕುವ ಬಯಲಿನಿಂದ ಹೋದ ಶುಕ್ಲಾ ಅವರನ್ನು ಜೀವನವಿಡೀ ಕಾಡಿದ್ದು ಒಂದೇ ಪ್ರಶ್ನೆ: ಮುಂಗಾರು ಒಂದು ವರ್ಷ ಕೈ ಹಿಡಿದು ಇನ್ನೊಂದು ವರ್ಷ ಕೈಕೊಡುವುದೇಕೆ? ಅದನ್ನು ತಿಂಗಳುಗಳ ಮೊದಲೇ ತಿಳಿಯಬಹುದೇ? ಈ ಪ್ರಶ್ನೆಯನ್ನು ಬೆನ್ನಟ್ಟಿದ ಅವರು ಆಕಾಶದಷ್ಟೇ ಗಮನವಿಟ್ಟು ನೆಲವನ್ನೂ ನೋಡಬೇಕಾಯಿತು.

ಮಾಡಲಾಗದ ಪ್ರಯೋಗ

‘ಕಾಡಿದ್ದರೆ ಮಳೆ’ ಎಂಬ ಮಾತನ್ನು ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕೇಳಲು ಸರಿ. ಆದರೆ ವಿಜ್ಞಾನಿ ಅದನ್ನು ಪರೀಕ್ಷಿಸುವುದು ಹೇಗೆ? ಮಳೆ ಹೆಚ್ಚು ಬೀಳುವ ಕಡೆ ಕಾಡು ಬೆಳೆಯುತ್ತದೆ ಎಂದೂ ಹೇಳಬಹುದಲ್ಲವೇ? ಯಾವುದು ಕಾರಣ, ಯಾವುದು ಪರಿಣಾಮ? ರಸಾಯನಶಾಸ್ತ್ರದ ಪ್ರಯೋಗವಾದರೆ ಎರಡು ಪ್ರನಾಳ ತೆಗೆದುಕೊಂಡು ಒಂದರಲ್ಲಿ ಮಾತ್ರ ಬದಲಾವಣೆ ಮಾಡಿ ನೋಡಬಹುದು. ಭೂಮಿ ಇರುವುದು ಒಂದೇ. ಒಂದು ಖಂಡದ ನೆಲವನ್ನೆಲ್ಲ ಒಣಗಿಸಿ, ಏನಾಗುತ್ತದೆ ನೋಡೋಣ ಎನ್ನುವಂತಿಲ್ಲ.

ಆದ್ದರಿಂದಲೇ ಮಾದರಿಗಳು ಬೇಕಾದವು. ಹವಾಮಾನದ ಮಾದರಿ ಎಂದರೆ ಜೇಡಿಮಣ್ಣಿನಿಂದಲೋ ರಟ್ಟಿನಿಂದಲೋ ಮಾಡಿದ ಗೋಳವಲ್ಲ, ಲೆಕ್ಕಗಳ ಒಂದು ದೊಡ್ಡ ಕಟ್ಟು. ಭೂಮಿಯ ಮೇಲೆ ಚೌಕಗಳ ಬಲೆಯೊಂದನ್ನು ಹಾಸಬೇಕು. ಪ್ರತಿ ಚೌಕದ ಮೇಲೂ ಗಾಳಿಯ ಪದರಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪ್ರತಿ ಪದರದ ಉಷ್ಣತೆ, ಒತ್ತಡ, ಗಾಳಿಯ ವೇಗ, ತೇವ ಎಷ್ಟೆಂದು ಬರೆದುಕೊಳ್ಳಬೇಕು. ನಂತರ ನ್ಯೂಟನ್ನನ ಚಲನೆಯ ನಿಯಮಗಳನ್ನೂ ಶಾಖದ ನಿಯಮಗಳನ್ನೂ ಅನ್ವಯಿಸಿ, ಕೆಲವು ನಿಮಿಷಗಳ ಬಳಿಕ ಆ ಅಂಕಿಗಳು ಎಷ್ಟಾಗುತ್ತವೆ ಎಂದು ಲೆಕ್ಕ ಹಾಕಬೇಕು. ಬಂದ ಉತ್ತರದಿಂದ ಮತ್ತೆ ಮುಂದಿನ ಕೆಲವು ನಿಮಿಷ. ಹೀಗೆ ಲಕ್ಷಾಂತರ ಬಾರಿ.

ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಶುಕ್ಲಾ ಅವರ ಗುರು ಚಾರ್ನಿಯೂ ಒಬ್ಬರು. 1950ರಲ್ಲಿ ಅವರು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮೊದಲಾದವರೊಂದಿಗೆ ಸೇರಿ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಮೊದಲ ಹವಾಮಾನ ಮುನ್ಸೂಚನೆ ತಯಾರಿಸಿದರು. ಇಪ್ಪತ್ತನಾಲ್ಕು ಗಂಟೆಯ ಮುನ್ಸೂಚನೆಗೆ ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಯೇ ಹಿಡಿಯಿತು! ಆ ಲೆಕ್ಕದಲ್ಲಿ ಗಾಳಿಯ ಓಟವಿತ್ತು, ನೆಲದ ತೇವದ ಮಾತೇ ಇರಲಿಲ್ಲ.

ಹದಿನೈದು ಸೆಂಟಿಮೀಟರ್ ಬಕೆಟ್

ಲೆಕ್ಕದೊಳಗೆ ನೆಲವನ್ನು ಸರಳವಾಗಿ ತಂದು ಕೂರಿಸಿದವರು ಜಪಾನಿನಲ್ಲಿ ಹುಟ್ಟಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ದುಡಿದ ಸ್ಯುಕುರೊ ಮನಾಬೆ. 2021ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು ಇವರೇ. 1969ರಲ್ಲಿ ಅವರು ಕೊಟ್ಟ ಉಪಾಯ ಹಳ್ಳಿಯ ಮಕ್ಕಳಿಗೂ ಅರ್ಥವಾಗುವಂಥದ್ದು. ಪ್ರತಿ ಚೌಕದ ನೆಲವೂ ಒಂದು ಬಕೆಟ್ ಎಂದುಕೊಳ್ಳಿ. ಅದರಲ್ಲಿ ಹಿಡಿಯುವ ನೀರಿನ ಆಳ 15 ಸೆಂಟಿಮೀಟರ್, ಅಂದರೆ 150 ಮಿಲಿಮೀಟರ್. ಮಳೆ ಬಂದರೆ ಬಕೆಟ್ ತುಂಬುತ್ತದೆ. ತುಂಬಿ ಚೆಲ್ಲಿದ್ದು ಹಳ್ಳ ಹೊಳೆ ಸೇರುತ್ತದೆ. ಬಿಸಿಲು ಬಂದರೆ ನೀರು ಆವಿಯಾಗಿ ಗಾಳಿ ಸೇರುತ್ತದೆ.

ಒಂದು ಉದಾಹರಣೆ. ನೆಲದಲ್ಲಿ 90 ಮಿ.ಮೀ. ನೀರಿದೆ. ರಾತ್ರಿ 80 ಮಿ.ಮೀ. ಮಳೆ ಸುರಿಯಿತು. ಒಟ್ಟು 170 ಆಯಿತು. ಬಕೆಟ್ಟಿನಲ್ಲಿ ನಿಲ್ಲುವುದು 150 ಮಾತ್ರ, ಉಳಿದ 20 ಹರಿದುಹೋಯಿತು. ಬಿಸಿಲಿಗೆ ದಿನಕ್ಕೆ 5 ಮಿ.ಮೀ. ನೀರನ್ನು ಆವಿ ಮಾಡುವ ಶಕ್ತಿಯಿದೆ ಎನ್ನೋಣ. ಬಕೆಟ್ಟಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಿರುವತನಕ ಪೂರ್ತಿ 5 ಮಿ.ಮೀ. ಆವಿಯಾಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಮಣ್ಣು ನೀರನ್ನು ಬಿಗಿಹಿಡಿಯತೊಡಗುತ್ತದೆ. ಸುಮಾರು 56 ಮಿ.ಮೀ.ಗೆ ಬಂದಾಗ ಆವಿಯಾಗುವುದು ದಿನಕ್ಕೆ ಎರಡೂವರೆ ಮಿ.ಮೀ. ಮಾತ್ರ. ಬಕೆಟ್ ಬರಿದಾದರೆ ಸೊನ್ನೆ.

ಆವಿ ಕಡಿಮೆಯಾದರೆ ಬಿಸಿಲಿನ ಶಕ್ತಿ ಎಲ್ಲಿ ಹೋಗುತ್ತದೆ? ಇದೇ ಮುಖ್ಯವಾದ ಪ್ರಶ್ನೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಬೇಸಿಗೆಯ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದರೆ ತಂಪಾಗುವುದೂ ಇದರಿಂದಲೇ. ನೆಲ ಒದ್ದೆಯಾಗಿದ್ದರೆ ಬಿಸಿಲಿನ ಬಹುಪಾಲು ಶಕ್ತಿ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ನೆಲ ಒಣಗಿದ್ದರೆ ಅದೇ ಶಕ್ತಿ ನೆಲವನ್ನೂ ಅದರ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಹೀಗೆ ಮಣ್ಣಿನ ಒಂದು ಗೇಣು ತೇವ ಆಕಾಶದ ಲೆಕ್ಕವನ್ನೇ ಬದಲಿಸುತ್ತದೆ.

ಎರಡು ಬರಗಾಲ, ಎರಡು ಲೆಕ್ಕ

1960ರ ದಶಕದ ಕೊನೆಯಿಂದ ಆಫ್ರಿಕದ ಸಹೇಲ್ ಪ್ರದೇಶದಲ್ಲಿ ಭೀಕರ ಬರ ಬಿತ್ತು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಹುಲ್ಲುಗಾವಲಿನ ಪಟ್ಟಿ ಅದು. ಶುಕ್ಲಾ ಎಂಐಟಿಯಲ್ಲಿ ಓದುತ್ತಿದ್ದ ಆ ದಿನಗಳಲ್ಲೇ ಚಾರ್ನಿ ಈ ಬರದ ಹಿಂದೆ ಬಿದ್ದರು. 1975ರಲ್ಲಿ ಅವರೂ ಅವರ ಸಂಗಡಿಗರೂ ಗಣಕಯಂತ್ರದೊಳಗಿನ ಭೂಮಿಯ ಮೇಲೆ ಎರಡು ಲೆಕ್ಕ ಓಡಿಸಿದರು. ಒಂದರಲ್ಲಿ ಅಲ್ಲಿನ ನೆಲ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 14ರಷ್ಟನ್ನು ಪ್ರತಿಫಲಿಸುತ್ತದೆ. ಇದು ಹಸಿರು ಹೊದಿಕೆಯಿದ್ದಾಗಿನ ಸ್ಥಿತಿ. ಇನ್ನೊಂದರಲ್ಲಿ ಶೇಕಡಾ 35. ಇದು ಹುಲ್ಲು ಮೇದು ಮುಗಿದು ಬಿಳಿಚಿದ ಬರಿ ನೆಲ. ಎರಡಕ್ಕೂ ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ. ಬಿಳಿಚಿದ ನೆಲದ ಮೇಲೆ ಮಳೆ ಕುಗ್ಗಿತು.

ಅಂದರೆ ಹಸಿರು ಹೋದರೆ ಮಳೆ ಕುಗ್ಗುತ್ತದೆ, ಮಳೆ ಕುಗ್ಗಿದರೆ ಹಸಿರು ಇನ್ನಷ್ಟು ಹೋಗುತ್ತದೆ. ಗಾಯದ ಮೇಲೆ ಬರೆ ಎಂಬಂತೆ ಬರವೇ ಬರವನ್ನು ಸಾಕುತ್ತದೆ. ಸಹೇಲಿನ ಬರದಲ್ಲಿ ಸಮುದ್ರದ ಉಷ್ಣತೆಯ ಪಾತ್ರ ದೊಡ್ಡದೆಂದು ನಂತರದ ಅಧ್ಯಯನಗಳು ತೋರಿಸಿದವು. ಆದರೆ ನೆಲವು ಬರವನ್ನು ಬೆಳೆಸಬಲ್ಲದು ಎಂಬ ವಿಚಾರ ಅಂದು ಹುಟ್ಟಿದ್ದು ಇಂದಿಗೂ ಉಳಿದಿದೆ.

ಭಾರತದ ಬರಗಾಲಗಳ ಬಗೆಗೂ ಇಂಥದೊಂದು ಹಳೆಯ ಊಹೆಯಿತ್ತು. ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂದು 1884ರಲ್ಲೇ ಬರೆದಿದ್ದರು. ಹಿಮವನ್ನು ವಿಸ್ತಾರವಾಗಿ ಅಳೆಯುವ ಸಾಧನ ಆಗ ಇರಲಿಲ್ಲ. ಉಪಗ್ರಹಗಳು ಬಂದ ಮೇಲೆ ಅದು ಸಾಧ್ಯವಾಯಿತು. 1976ರಲ್ಲಿ ಶುಕ್ಲಾ ಮತ್ತು ಡಗ್ಲಾಸ್ ಹಾನ್ ಉಪಗ್ರಹದ ಚಿತ್ರಗಳಿಂದ ಯೂರೋಪ್ ಮತ್ತು ಏಷ್ಯಾದ ಚಳಿಗಾಲದ ಹಿಮದ ಹರವನ್ನು ಲೆಕ್ಕ ಹಾಕಿ, ಮುಂದಿನ ಮುಂಗಾರಿನೊಡನೆ ಹೋಲಿಸಿದರು. ಹಿಮ ಹೆಚ್ಚಾದ ವರ್ಷ ಮಳೆ ಕಡಿಮೆಯಿರುವುದು ಕಂಡುಬಂತು.

ಕಾರಣ ಸರಳ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಉಳಿದ ಬಿಸಿಲಿನಲ್ಲಿ ಒಂದಷ್ಟು ಹಿಮವನ್ನು ಕರಗಿಸಲು ಬೇಕು. ಕರಗಿದ ನೀರು ಮಣ್ಣಿಗಿಳಿದ ಮೇಲೆ ಅದನ್ನು ಆವಿ ಮಾಡಲು ಮತ್ತಷ್ಟು ಬೇಕು. ಏಷ್ಯಾದ ನೆಲ ಹೀಗೆ ತಡವಾಗಿ ಕಾಯುತ್ತದೆ. ನೆಲ ಕಾಯದೆ ಸಮುದ್ರದ ತೇವದ ಗಾಳಿ ರಭಸದಿಂದ ಒಳಕ್ಕೆ ನುಗ್ಗುವುದಿಲ್ಲ. ಜನವರಿಯಲ್ಲಿ ಬಿದ್ದ ಹಿಮವನ್ನು ನೆಲ ಜೂನ್‌ವರೆಗೆ ನೆನಪಿಟ್ಟುಕೊಂಡಂತೆ! ಹಿಮ ಮತ್ತು ಮುಂಗಾರಿನ ಈ ನಂಟು ನಂತರದ ಎಲ್ಲ ದಶಕಗಳಲ್ಲೂ ಒಂದೇ ಬಲದಿಂದ ಕಾಣಿಸಲಿಲ್ಲ. ಪ್ರಕೃತಿ ಒಂದೇ ಕಾರಣಕ್ಕೆ ಕಟ್ಟುಬೀಳುವುದಿಲ್ಲ.

ಚಿಟ್ಟೆಯ ರೆಕ್ಕೆ

ಇಷ್ಟರಲ್ಲಿ ಹವಾಮಾನ ವಿಜ್ಞಾನಕ್ಕೆ ಒಂದು ಪೆಟ್ಟು ಬಿದ್ದಿತ್ತು. ಎಂಐಟಿಯಲ್ಲೇ ಇದ್ದ ಎಡ್ವರ್ಡ್ ಲೊರೆನ್ಜ್, ಆರಂಭದ ಅಂಕಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೆಲವು ದಿನಗಳಲ್ಲಿ ಉತ್ತರ ತಲೆಕೆಳಗಾಗುತ್ತದೆ ಎಂದು 1963ರಲ್ಲಿ ತೋರಿಸಿದ್ದರು. ಬ್ರೆಜಿಲ್‌ನಲ್ಲಿ ಚಿಟ್ಟೆ ರೆಕ್ಕೆ ಬಡಿದರೆ ಟೆಕ್ಸಾಸ್‌ನಲ್ಲಿ ಸುಂಟರಗಾಳಿ ಏಳಬಹುದೇ ಎಂದು 1972ರಲ್ಲಿ ಅವರು ಕೇಳಿದ ಪ್ರಶ್ನೆ ಜಗತ್ಪ್ರಸಿದ್ಧ. ಹಾಗಾದರೆ ಎರಡು ವಾರದಾಚೆಗೆ ಏನನ್ನೂ ಹೇಳುವಂತಿಲ್ಲ ಎಂದು ಎಷ್ಟೋ ಮಂದಿ ಕೈಚೆಲ್ಲಿದರು. ಹತ್ತು ದಿನದ ಮಳೆಯನ್ನೇ ಹೇಳಲಾಗದವರು ನಾಲ್ಕು ತಿಂಗಳ ಮುಂಗಾರನ್ನು ಹೇಳುವುದುಂಟೇ?

ಉಂಟು ಎಂದರು ಚಾರ್ನಿ ಮತ್ತು ಶುಕ್ಲಾ. 1981ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಇಷ್ಟು: ಜುಲೈ 20ರಂದು ಮಳೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಈ ವರ್ಷದ ಮುಂಗಾರು ಒಟ್ಟಾರೆ ಹೇಗಿದ್ದೀತು ಎಂಬುದು ಬೇರೆ ಪ್ರಶ್ನೆ. ಗಾಳಿಗೆ ನೆನಪು ಕಡಿಮೆ, ಎರಡು ವಾರದಲ್ಲಿ ಎಲ್ಲವನ್ನೂ ಮರೆಯುತ್ತದೆ. ಆದರೆ ಗಾಳಿಯ ಕೆಳಗಿರುವ ಸಮುದ್ರದ ಬಿಸಿ, ನೆಲದ ತೇವ, ಹಿಮ, ಹಸಿರು ಇವು ನಿಧಾನವಾಗಿ ಬದಲಾಗುತ್ತವೆ. ಉಷ್ಣವಲಯದಲ್ಲಿ ಇಡೀ ಋತುವಿನ ಮಳೆಯ ಮೇಲೆ ಇವುಗಳ ಹಿಡಿತ ಬಲವಾದದ್ದು. ಇವನ್ನು ಸರಿಯಾಗಿ ಅಳೆದರೆ ಋತುವಿನ ಸ್ವರೂಪವನ್ನು ಊಹಿಸಲು ಒಂದು ಆಧಾರ ಸಿಗುತ್ತದೆ. ಇಂದು ಲೋಕದಾದ್ಯಂತ ಹೊರಡುವ ಋತುಮಾನದ ಮುನ್ಸೂಚನೆಗಳ ಹಿಂದೆ ಈ ವಿಚಾರವಿದೆ.

ಒದ್ದೆ ಭೂಮಿ, ಒಣ ಭೂಮಿ

ನೆಲದ ಪಾಲು ಎಷ್ಟೆಂದು ನೇರವಾಗಿ ನೋಡುವ ಪ್ರಯೋಗ ನಡೆದದ್ದು ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದ ಮಾದರಿಯಲ್ಲಿ. ಶುಕ್ಲಾ ಅವರ ಜೊತೆಗೂಡಿದವರು ಹಿರಿಯ ವಿಜ್ಞಾನಿ ಯೇಲ್ ಮಿಂಟ್ಜ್. ಇಬ್ಬರೂ ಎರಡು ಭೂಮಿಗಳನ್ನು ಮಾಡಿದರು. ಒಂದರಲ್ಲಿ ಎಲ್ಲ ಖಂಡಗಳ ನೆಲವೂ ಸದಾ ಒದ್ದೆ, ಬಿಸಿಲು ಕೇಳಿದಷ್ಟು ನೀರು ಆವಿಯಾಗುತ್ತದೆ. ಇನ್ನೊಂದರಲ್ಲಿ ನೆಲ ಪೂರ್ತಿ ಒಣ, ಒಂದು ತೊಟ್ಟೂ ಆವಿಯಾಗುವುದಿಲ್ಲ. ಸಮುದ್ರ, ಸೂರ್ಯ, ಬೆಟ್ಟ ಎಲ್ಲವೂ ಎರಡರಲ್ಲೂ ಒಂದೇ. ಜುಲೈ ತಿಂಗಳ ಹವೆ ಹೇಗಿರುತ್ತದೆಂದು ಹೋಲಿಸಿದರು.

1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಕಣ್ತೆರೆಸುವಂತಿತ್ತು. ಒಣ ಭೂಮಿಯಲ್ಲಿ ಖಂಡಗಳ ಬಹುಭಾಗದ ನೆಲ 15ರಿಂದ 25 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದಿತ್ತು. ಯೂರೋಪ್ ಮತ್ತು ಏಷ್ಯಾದ ಬಹುಭಾಗದಲ್ಲಿ ಮಳೆ ತೀರಾ ಇಳಿದಿತ್ತು. ಗಾಳಿಯ ಒತ್ತಡ, ಬೀಸುವ ದಿಕ್ಕು ಕೂಡ ಬದಲಾಗಿತ್ತು. ಆದರೆ ಭಾರತ ಮತ್ತು ಆಗ್ನೇಯ ಏಷ್ಯಾದ ಕಥೆ ಬೇರೆ. ಅಲ್ಲಿ ಸಮುದ್ರದಿಂದ ಬರುವ ತೇವವೇ ಪ್ರಧಾನವಾದ್ದರಿಂದ ಮಳೆ ಹಾಗೆ ಕುಸಿಯಲಿಲ್ಲ. ನೆಲದ ಪಾತ್ರ ಎಲ್ಲ ಕಡೆಯೂ ಒಂದೇ ಅಲ್ಲ ಎಂಬ ಪಾಠವೂ ಇದರಲ್ಲಿತ್ತು.

ನಿಜವಾದ ಭೂಮಿ ಪೂರ್ತಿ ಒದ್ದೆಯೂ ಅಲ್ಲ, ಪೂರ್ತಿ ಒಣಗಿಯೂ ಇಲ್ಲ. ಹಾಗಿದ್ದರೆ ಇಂಥ ಅತಿರೇಕದ ಲೆಕ್ಕದಿಂದ ಏನು ಪ್ರಯೋಜನ? ತಕ್ಕಡಿಯ ಎರಡು ತುದಿ ಎಲ್ಲಿವೆ ಎಂದು ಮೊದಲು ತಿಳಿದರೆ ತಾನೇ ಮುಳ್ಳು ಎಷ್ಟು ವಾಲಬಹುದೆಂದು ಗೊತ್ತಾಗುವುದು? ನೆಲದ ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹವಾಮಾನ ವಿಜ್ಞಾನ ಅಪೂರ್ಣ ಎಂಬುದು ಅಲ್ಲಿಗೆ ಖಚಿತವಾಯಿತು.

ಅಮೆಜಾನ್ ಕಾಡು ಕಡಿದರೆ?

ಬಕೆಟ್ಟಿಗೆ ಬೇರಿಲ್ಲ, ಎಲೆಯಿಲ್ಲ. ನಿಜವಾದ ಮರ ಮಣ್ಣಿನ ಆಳದಿಂದ ನೀರೆತ್ತಿ ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಗೆ ಬಿಡುತ್ತದೆ. ಮೇಲ್ಮಣ್ಣು ಒಣಗಿದಾಗಲೂ ಅದರ ಕೆಲಸ ನಿಲ್ಲುವುದಿಲ್ಲ. ಈ ಕೊರತೆ ತುಂಬಿದವರು ಬ್ರಿಟನ್ನಿನಲ್ಲಿ ಹುಟ್ಟಿದ ಪಿಯರ್ಸ್ ಸೆಲರ್ಸ್. 1986ರಲ್ಲಿ ಅವರು ಮಿಂಟ್ಜ್ ಮೊದಲಾದವರೊಂದಿಗೆ ಸೇರಿ ಬೇರು, ಎಲೆ, ರಂಧ್ರಗಳೆಲ್ಲ ಇರುವ ಹಸಿರು ಹೊದಿಕೆಯ ಮಾದರಿಯೊಂದನ್ನು ರಚಿಸಿದರು. ಮುಂದೆ ಇವರು ಗಗನಯಾತ್ರಿಯಾಗಿ ಮೂರು ಬಾರಿ ಬಾಹ್ಯಾಕಾಶಕ್ಕೆ ಹೋಗಿ, ತಾವು ಲೆಕ್ಕ ಹಾಕಿದ ಭೂಮಿಯನ್ನು ಮೇಲಿನಿಂದ ಕಣ್ಣಾರೆ ಕಂಡರು. 2016ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಶುಕ್ಲಾ ಮೇರಿಲ್ಯಾಂಡ್‌ನಲ್ಲಿ ಒಂದು ಸಂಶೋಧನ ಕೇಂದ್ರ ಕಟ್ಟಿದ್ದರು. ಅದರ ಹೆಸರಿನಲ್ಲೇ ಸಾಗರ, ನೆಲ, ವಾಯುಮಂಡಲ ಮೂರೂ ಸೇರಿದ್ದವು. ಶುಕ್ಲಾ, ಸೆಲರ್ಸ್ ಮತ್ತು ಬ್ರೆಜಿಲ್‌ನ ಕಾರ್ಲೊಸ್ ನೊಬ್ರೆ ಮೂವರೂ ಸೇರಿ ಗಣಕಯಂತ್ರದೊಳಗೆ ಅಮೆಜಾನ್ ಕಾಡನ್ನು ಪೂರ್ತಿ ಕಡಿದು, ಅದರ ಜಾಗದಲ್ಲಿ ಬಡಕಲು ಹುಲ್ಲುಗಾವಲನ್ನು ಹಾಸಿದರು. 1990ರಲ್ಲಿ ಪ್ರಕಟವಾದ ಉತ್ತರ: ನೆಲ ಬಿಸಿಯಾಯಿತು, ಆವಿಯಾಗುವ ನೀರು ಕಡಿಮೆಯಾಯಿತು, ಮಳೆಯೂ ಕಡಿಮೆಯಾಯಿತು. ಮರುವರ್ಷ ಅವರು ಕೊಟ್ಟ ವಿವರದ ಪ್ರಕಾರ ಉಷ್ಣತೆಯಲ್ಲಿ ಸುಮಾರು 2.5 ಡಿಗ್ರಿ ಏರಿಕೆ, ಮಳೆಯಲ್ಲಿ ಸುಮಾರು ಶೇಕಡಾ 25ರಷ್ಟು ಇಳಿಕೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದು. ಮಳೆಯಿಲ್ಲದ ತಿಂಗಳುಗಳು ಹೆಚ್ಚಾದವು. ಮಳೆಕಾಡಿನ ಮರಗಳಿಗೆ ದೀರ್ಘ ಒಣಹವೆ ತಡೆಯದು. ಅಂದರೆ ಒಮ್ಮೆ ಕಡಿದ ಮೇಲೆ ‘ತಪ್ಪಾಯಿತು, ಮತ್ತೆ ನೆಡೋಣ’ ಎಂದರೂ ಕಾಡು ಮರಳಿ ಬರುವುದು ಬಹಳ ಕಷ್ಟ. ಅಮೆಜಾನ್ ತನ್ನ ಮಳೆಯ ಸುಮಾರು ಅರ್ಧದಷ್ಟನ್ನು ತಾನೇ ಮತ್ತೆ ಮತ್ತೆ ಮೇಲಕ್ಕೆ ಕಳಿಸಿ ಇಳಿಸಿಕೊಳ್ಳುತ್ತದೆ ಎಂದು ಬ್ರೆಜಿಲ್‌ನ ಎನೇಯಾಸ್ ಸಲಾಟಿ 1970ರ ದಶಕದಲ್ಲೇ ಅಳೆದು ಹೇಳಿದ್ದರು. ಆ ಚಕ್ರ ಕಡಿದುಹೋಗುವ ಗಡಿ ಎಲ್ಲಿದೆ? ಕಾಡಿನ ಶೇಕಡಾ 20ರಿಂದ 25ರಷ್ಟು ನಾಶವಾದರೆ ದೊಡ್ಡ ಭಾಗ ಒಣ ಬಯಲಾಗಿ ಮಾರ್ಪಡುವ ಅಪಾಯವಿದೆ ಎಂದು ನೊಬ್ರೆ ಮತ್ತು ಥಾಮಸ್ ಲವ್‌ಜಾಯ್ 2018ರಲ್ಲಿ ಎಚ್ಚರಿಸಿದರು.

ನಮ್ಮ ನೆಲದ ಪಾಲು

ಹಾಗಾದರೆ ಮುಂಗಾರಿನ ನಾಡಾದ ಭಾರತ ನಿಶ್ಚಿಂತೆಯಿಂದ ಇರಬಹುದೇ? 1982ರ ಲೆಕ್ಕ ನೋಡಿದರೆ ಹಾಗೆನಿಸಬಹುದು. ಆದರೆ 2004ರಲ್ಲಿ ನಾಸಾದ ರ‍್ಯಾಂಡಲ್ ಕೋಸ್ಟರ್ ನೇತೃತ್ವದಲ್ಲಿ ಹನ್ನೆರಡು ಮಾದರಿಗಳನ್ನು ಒಟ್ಟಿಗೆ ಓಡಿಸಿ ನೋಡಿದಾಗ, ಮಣ್ಣಿನ ತೇವಕ್ಕೂ ಬೇಸಿಗೆಯ ಮಳೆಗೂ ಬಿಗಿ ನಂಟಿರುವ ತಾಣಗಳ ಪಟ್ಟಿಯಲ್ಲಿ ಅಮೆರಿಕದ ನಡುಬಯಲು ಮತ್ತು ಸಹೇಲ್ ಜೊತೆಗೆ ಭಾರತವೂ ಕಾಣಿಸಿಕೊಂಡಿತು. ಮುಂಗಾರಿನ ಮೊದಲ ಪಾಲು ಸಮುದ್ರದ್ದೇ. ಆದರೆ ಬಿದ್ದ ಮಳೆ ನೆಲದಿಂದ ಎದ್ದು ಮತ್ತೆ ಮಳೆಯಾಗುವುದು ಇಲ್ಲಿಯೂ ಉಂಟು.

ಸಹ್ಯಾದ್ರಿಯ ಕಾಡುಗಳ ಬಗ್ಗೆ ಮುಂಬಯಿಯ ಐಐಟಿಯ ಸುಬಿಮಲ್ ಘೋಷ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ತಮಿಳುನಾಡಿಗೆ ನೈಋತ್ಯ ಮುಂಗಾರಿನಲ್ಲಿ ಬೀಳುವ ಮಳೆಯ ತೇವದಲ್ಲಿ ಸರಾಸರಿ ಶೇಕಡಾ 25ರಿಂದ 30ರಷ್ಟು ಪಶ್ಚಿಮಘಟ್ಟದ ಕಾಡುಗಳು ಬಿಟ್ಟ ಆವಿ. ಮುಂಗಾರು ಸೊರಗಿದ ವರ್ಷ ಈ ಪಾಲು ಶೇಕಡಾ 40ರವರೆಗೂ ಏರುತ್ತದೆ. ಅಂದರೆ ಕೊಡಗಿನಲ್ಲೋ ಮಲೆನಾಡಿನಲ್ಲೋ ನಿಂತ ಮರಗಳು ನದಿಗೆ ನೀರು ಕೊಡುವುದಲ್ಲದೆ ಗಾಳಿಯ ಮೂಲಕವೂ ಪೂರ್ವದ ಬಯಲಿಗೆ ನೀರು ಸಾಗಿಸುತ್ತವೆ. ಈ ಹೊಳೆಗೆ ಅಣೆಕಟ್ಟಿಲ್ಲ, ಆಣೆಕಾಲುವೆಯಿಲ್ಲ. ಕಣ್ಣಿಗೂ ಕಾಣುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಬಾಲ ಮತ್ತು ಸಹೋದ್ಯೋಗಿಗಳು 2015ರಲ್ಲಿ ಕೇಳಿದ ಪ್ರಶ್ನೆ ಇನ್ನೂ ದೂರದ್ದು. ಉತ್ತರದ ಶೀತ ಮತ್ತು ಸಮಶೀತೋಷ್ಣ ದೇಶಗಳ ಕಾಡುಗಳನ್ನು ಭಾರಿ ಪ್ರಮಾಣದಲ್ಲಿ ತೆಗೆದರೆ ಮುಂಗಾರಿಗೆ ಏನಾದೀತು? ಮರಗಳು ಹೋದ ಕಡೆ ಬೆಳ್ಳಗಿನ ಹಿಮ ಬಯಲಾಗುತ್ತದೆ, ಉತ್ತರಾರ್ಧಗೋಳ ತಣ್ಣಗಾಗುತ್ತದೆ, ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಜಾರುತ್ತದೆ. ಅವರ ಲೆಕ್ಕದಲ್ಲಿ ಹೆಚ್ಚು ಪೆಟ್ಟು ತಿಂದದ್ದು ದಕ್ಷಿಣ ಏಷ್ಯಾ. ಭಾರತದ ಮಳೆಯಲ್ಲಿ ಶೇಕಡಾ 18ರಷ್ಟು ಕೊರತೆ! ನಮ್ಮೂರ ಮಳೆಗೆ ನಮ್ಮೂರ ಕಾಡಷ್ಟೇ ಕಾವಲಲ್ಲ.

ಮಾದರಿಯ ಮಿತಿ

ಇವೆಲ್ಲ ಅಂಕಿಗಳನ್ನು ಓದುವಾಗ ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದು ಮಾತಿದೆ. ಇವು ‘ಹೀಗೆ ಮಾಡಿದರೆ ಹೀಗಾದೀತು’ ಎಂಬ ಲೆಕ್ಕಗಳು, ನಾಳೆಯ ಭವಿಷ್ಯವಾಣಿಯಲ್ಲ. ಆರಂಭದ ಮಾದರಿಗಳ ಒಂದೊಂದು ಚೌಕ ಇನ್ನೂರು ಮುನ್ನೂರು ಕಿಲೋಮೀಟರ್ ಅಗಲವಿತ್ತು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಮತ್ತು ಐನೂರರ ಆಸುಪಾಸಿನಲ್ಲೇ ನಿಲ್ಲುವ ಚಳ್ಳಕೆರೆ ಎರಡರ ನಡುವಿನ ಅಂತರ ನೇರ ಹಾದಿಯಲ್ಲಿ ಇನ್ನೂರು ಕಿಲೋಮೀಟರಿಗೂ ಕಡಿಮೆ. ಅಂಥ ಮಾದರಿಯಲ್ಲಿ ಎರಡೂ ಒಂದೇ ಚೌಕದೊಳಗೆ ಬಿದ್ದು ಎರಡಕ್ಕೂ ಒಂದೇ ಸರಾಸರಿ ಮಳೆ ಸಿಗಬಹುದು. ಸಹ್ಯಾದ್ರಿಯ ಗೋಡೆ ಆ ಕಣ್ಣಿಗೆ ಕಾಣುವುದೇ ಇಲ್ಲ. ಗಣಕಯಂತ್ರಗಳ ಶಕ್ತಿ ಹೆಚ್ಚಿದಂತೆ ಚೌಕಗಳು ಚಿಕ್ಕದಾಗುತ್ತ ಬಂದಿವೆ. ಆದರೂ ಮೋಡದೊಳಗೆ ನಡೆಯುವ ವ್ಯಾಪಾರವನ್ನು ಪೂರ್ತಿ ಹಿಡಿಯಲಾಗಿಲ್ಲ. ಆದ್ದರಿಂದಲೇ ವಿಜ್ಞಾನಿಗಳು ಒಂದೇ ಮಾದರಿಯನ್ನು ನಂಬದೆ ಹತ್ತಾರನ್ನು ಹೋಲಿಸುತ್ತಾರೆ, ನೆಲದ ಮೇಲೆ ಅಳೆದ ಅಂಕಿಗಳೊಡನೆ ತಾಳೆ ನೋಡುತ್ತಾರೆ.

ಅಳೆಯುವವರೂ ಲೆಕ್ಕ ಹಾಕುವವರೂ ನಮ್ಮಲ್ಲೇ ಬೇಕು ಎಂಬುದು ಶುಕ್ಲಾ ಅವರ ಕೆಲಸದಲ್ಲಿ ಎದ್ದು ಕಾಣುವ ನಂಬಿಕೆ. 1988ರಲ್ಲಿ ದೆಹಲಿಯಲ್ಲಿ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಆರಂಭವಾಗಿ, ಕ್ರೇ ಸೂಪರ್ ಕಂಪ್ಯೂಟರ್ ಭಾರತಕ್ಕೆ ಬಂದಾಗ ಅವರು ಅದಕ್ಕೆ ಹೆಗಲು ಕೊಟ್ಟರು. 2007ರಲ್ಲಿ ಅವರಿಗೆ ವಿಶ್ವ ಹವಾಮಾನ ಸಂಸ್ಥೆಯ ಅತ್ಯುನ್ನತ ಗೌರವವಾದ ಐಎಂಒ ಪಾರಿತೋಷಕ ದೊರೆಯಿತು, 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಪ್ರಶಸ್ತಿಗಳ ಪಟ್ಟಿಯಲ್ಲಿ ಸೇರದ ಕೆಲಸವೊಂದಿದೆ. ಕಟ್ಟಡವಿಲ್ಲದ ಶಾಲೆಯಲ್ಲಿ ಓದಿದ ಮಿರ್ಧಾ ಗ್ರಾಮದಲ್ಲಿ ಶುಕ್ಲಾ ‘ಗಾಂಧಿ ಕಾಲೇಜು’ ಸ್ಥಾಪಿಸಿದರು. ಹಳ್ಳಿಯ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ದೊರೆಯಲೆಂಬುದು ಅದರ ಉದ್ದೇಶ. ವಿಜ್ಞಾನದ ಪುಸ್ತಕಗಳನ್ನು ಒಂದು ಬೇಸಿಗೆಯಲ್ಲಿ ಮಗನ ಕೈಯಲ್ಲಿ ಓದಿಸಿದ ತಂದೆಯ ಹಟ ಅಲ್ಲಿಗೆ ಮರಳಿ ಬಂದು ಫಲ ಕೊಟ್ಟಂತಾಯಿತು.

ಮಾಡಿ ನೋಡಿ

ಒಂದು ನೋಟ್‌ಪುಸ್ತಕ, ಶಾಲೆಯ ಮಳೆಮಾಪಕ ಇವಿಷ್ಟಿದ್ದರೆ ನೀವೂ ಮನಾಬೆಯವರ ಬಕೆಟ್ ಮಾದರಿಯನ್ನು ನಡೆಸಬಹುದು. ಜೂನ್ 1ರಂದು ಬಕೆಟ್ಟಿನಲ್ಲಿ 20 ಮಿ.ಮೀ. ನೀರಿದೆ ಎಂದು ಬರೆದುಕೊಳ್ಳಿ. ದಿನವೂ ಅಳೆದ ಮಳೆಯನ್ನು ಅದಕ್ಕೆ ಕೂಡಿಸಿ. 150 ಮೀರಿದರೆ ಹೆಚ್ಚಾದದ್ದನ್ನು ‘ಹರಿದದ್ದು’ ಎಂಬ ಕಾಲಮಿನಲ್ಲಿ ಬರೆಯಿರಿ. ಉಳಿದ ನೀರು 112ಕ್ಕಿಂತ ಹೆಚ್ಚಿದ್ದರೆ ಆ ದಿನ 5 ಮಿ.ಮೀ. ಕಳೆಯಿರಿ. ಕಡಿಮೆಯಿದ್ದರೆ ಉಳಿದ ನೀರನ್ನು 112ರಿಂದ ಭಾಗಿಸಿ, 5ರಿಂದ ಗುಣಿಸಿ, ಬಂದಷ್ಟನ್ನು ಕಳೆಯಿರಿ. ಸೆಪ್ಟೆಂಬರ್ ಕೊನೆಗೆ ಬಿದ್ದದ್ದು ಎಷ್ಟು, ಹರಿದದ್ದು ಎಷ್ಟು, ಗಾಳಿಗೆ ಹೋದದ್ದು ಎಷ್ಟು ಎಂದು ಕೂಡಿ ನೋಡಿ. ಊರಿನ ಕೆರೆ ತುಂಬಿದ ದಿನವನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಲೆಕ್ಕ ಕೆರೆಯೊಡನೆ ತಾಳೆಯಾದರೆ ಸಂತೋಷ. ತಾಳೆಯಾಗದಿದ್ದರೆ ಏಕೆಂದು ಹುಡುಕಿ. ವಿಜ್ಞಾನಿಗಳ ಕೆಲಸವೂ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.